ಲೆಕ್ಕದಿಂದ ಹೊರಗುಳಿದ ಮೂವತ್ತೊಂದು ಮಂದಿ

ಸಂಶೋಧನೆಯ ಬಗ್ಗೆ ಬರುವ ಪ್ರತಿ ಸುದ್ದಿಯ ಮೂಲೆಯಲ್ಲೂ ಒಂದು ಅಂಕಿ ಇರಬೇಕೆಂಬ ಕಾನೂನು ಬಂದು ಆಗ ಆರು ವರ್ಷವಾಗಿತ್ತು. ಸೊನ್ನೆಯಿಂದ ನೂರರವರೆಗಿನ ಆ ಅಂಕಿ, ವಿಜ್ಞಾನಿ ಹೇಳಿದ್ದಕ್ಕೆ ವರದಿಗಾರ ಬರೆದದ್ದು ಎಷ್ಟು ಹತ್ತಿರ ಎಂಬುದನ್ನು ತೋರಿಸುತ್ತಿತ್ತು. ಅಂಕಿ ಕೊಡುತ್ತಿದ್ದ ಯಂತ್ರದ ಹೆಸರು ಒರೆಗಲ್ಲು. ಅದು ಇದ್ದದ್ದು ಗದಗಿನಲ್ಲಿ, ಮುಳಗುಂದ ನಾಕಾದಿಂದ ಸ್ವಲ್ಪ ದೂರದ ಮೂರಂತಸ್ತಿನ ಕಟ್ಟಡದಲ್ಲಿ. ಅದನ್ನು ಕಟ್ಟಿದವರು ಇಂದುಮತಿ ಹಾತಲಗೇರಿ. ಇಪ್ಪತ್ತು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ಬಂದಿದ್ದ ಅವರು ಅಂಕಿ ಕೊಡುವ ಆ ಕೇಂದ್ರದ ಮುಖ್ಯಸ್ಥೆಯಾಗಿದ್ದರು. ನಾನು, ವಿರೂಪಾಕ್ಷ ಬೆಳವಟಗಿ, ಒಂದು ದಿನಪತ್ರಿಕೆಯ ಉಪಸಂಪಾದಕನ ಕೆಲಸ ಬಿಟ್ಟು ಅಲ್ಲಿ ಹಿರಿಯ ಪರೀಕ್ಷಕನಾಗಿ ಸೇರಿದ್ದೆ.

ಯಂತ್ರ ಮಾಡುತ್ತಿದ್ದ ಕೆಲಸವನ್ನು ಹೇಳುವುದು ಸುಲಭ. ಒಂದು ಕಡೆ ಸುದ್ದಿ, ಇನ್ನೊಂದು ಕಡೆ ಮೂಲ ಪ್ರಬಂಧ. ಎರಡನ್ನೂ ಸಣ್ಣ ಸಣ್ಣ ಹೇಳಿಕೆಗಳಾಗಿ ಬಿಡಿಸಿ ಎದುರುಬದುರು ಇಡುತ್ತಿತ್ತು. ಎಷ್ಟು ಜನರ ಮೇಲೆ ಅಧ್ಯಯನ ನಡೆಯಿತು, ಕಂಡ ವ್ಯತ್ಯಾಸ ಎಷ್ಟು ದೊಡ್ಡದು, ಎರಡು ಸಂಗತಿಗಳು ಬರೀ ಜೊತೆಯಲ್ಲಿ ಕಂಡವೋ ಅಥವಾ ಒಂದರಿಂದಲೇ ಇನ್ನೊಂದು ಆಯಿತೋ, ಈ ಮಾತು ಯಾರಿಗೆ ಅನ್ವಯಿಸುವುದಿಲ್ಲ. ಈ ನಾಲ್ಕರಲ್ಲಿ ಸುದ್ದಿ ಎಲ್ಲಿ ಹಿಗ್ಗಿಸಿದೆ, ಎಲ್ಲಿ ನುಂಗಿದೆ ಎಂದು ನೋಡಿ ಅಂಕ ಕಳೆಯುತ್ತಿತ್ತು. ಕೊನೆಗೆ ನಮ್ಮಂಥ ಪರೀಕ್ಷಕರು ಕಣ್ಣಾಡಿಸಿ ಸಹಿ ಹಾಕಿದರೆ ಅಂಕಿ ಎಲ್ಲರ ಫೋನಿಗೂ ಹೋಗುತ್ತಿತ್ತು.

ಜನ ಅದಕ್ಕೆ ಎಷ್ಟು ಬೇಗ ಒಗ್ಗಿಕೊಂಡರೆಂದರೆ, ಸಂತೆಯಲ್ಲಿ ಯಾರಾದರೂ ಬಡಾಯಿ ಕೊಚ್ಚಿದರೆ ಪಕ್ಕದವರು ‘ನಿನ್ನ ಮಾತಿಗೆ ಇಪ್ಪತ್ತೂ ಬರೂದಿಲ್ಲ ತಗಿ’ ಎನ್ನುತ್ತಿದ್ದರು. ಬೇವಿನ ರಸ ಕುಡಿದರೆ ಸಕ್ಕರೆ ಕಾಯಿಲೆ ಮಾಯ ಎಂಬಂಥ ಸುದ್ದಿಗಳು ನಾಲ್ಕೈದು ಅಂಕ ಹೊತ್ತು ಬಂದು, ನಗೆಪಾಟಲಾಗಿ, ಕ್ರಮೇಣ ನಿಂತೇಹೋದವು. ನನ್ನ ಹೆಂಡತಿ ಗಿರಿಜಾ ತಲೆಬರಹಕ್ಕಿಂತ ಮೊದಲು ಅಂಕಿ ನೋಡುತ್ತಿದ್ದಳು. ಸರ್ಕಾರವೂ ನಮ್ಮನ್ನು ನಂಬಿ ಒಂದು ನಿಯಮ ಮಾಡಿತ್ತು. ತೊಂಬತ್ತು ದಾಟಿದ ಸುದ್ದಿಯ ಆಧಾರದ ಮೇಲೆ ಶಾಲೆ, ಹಾಸ್ಟೆಲ್ಲುಗಳ ಆಡಳಿತ ಬೇರೆ ವಿಚಾರಣೆಯಿಲ್ಲದೆ ಕ್ರಮ ಕೈಗೊಳ್ಳಬಹುದು ಎಂಬುದು ಆ ನಿಯಮ.

ನಮಗೆ ಬರುತ್ತಿದ್ದ ಸುದ್ದಿಗಳಲ್ಲಿ ಅತಿ ಹೆಚ್ಚಿನವು ಸಾಮಾಜಿಕ ಜಾಲತಾಣಗಳ ಕುರಿತವು. ಜನ ಎಷ್ಟು ಹೊತ್ತು ನೋಡುತ್ತಾರೆ, ಎಷ್ಟು ಲೈಕ್ ಒತ್ತುತ್ತಾರೆ, ಯಾವುದಕ್ಕೆ ಸಿಟ್ಟಾಗಿ ಉತ್ತರ ಬರೆಯುತ್ತಾರೆ, ಅದರಿಂದ ಮನಸ್ಸಿಗೆ ಮೈಗೆ ಏನಾಗುತ್ತದೆ ಎಂದು ಲೋಕದಲ್ಲೆಲ್ಲ ಸಂಶೋಧನೆ ನಡೆಯುತ್ತಿತ್ತು. ಅಂಥ ಮೂವತ್ತು ಮೂವತ್ತೈದು ಸುದ್ದಿಗಳು ದಿನವೂ ಬರುತ್ತಿದ್ದವು. ಆಗಸ್ಟಿನಲ್ಲಿ ಬಂದ ಒಂದರ ತಲೆಬರಹ ‘ಲೈಕ್ ಒತ್ತಿದಷ್ಟೂ ನಿದ್ದೆ ಖೋತಾ’ ಎಂದಿತ್ತು. ನಾನೂರ ಹನ್ನೆರಡು ಯುವಜನರನ್ನು ಮೂರು ತಿಂಗಳು ಗಮನಿಸಿ, ಜಾಲತಾಣಗಳಲ್ಲಿ ಹೆಚ್ಚು ತೊಡಗುವವರ ನಿದ್ದೆ ಕೆಡುತ್ತದೆ ಎಂದು ಕಂಡುಕೊಂಡ ಅಧ್ಯಯನ ಅದು. ಒರೆಗಲ್ಲು ತೊಂಬತ್ನಾಲ್ಕು ಕೊಟ್ಟಿತು. ನಾನು ಸಹಿ ಹಾಕಿದೆ. ಅಂದು ಸಂಜೆ ಮನೆಗೆ ಹೋದಾಗ ಗಿರಿಜಾ ನಮ್ಮಿಬ್ಬರ ಫೋನುಗಳನ್ನೂ ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ನಾನು ಒಳಗೊಳಗೇ ಹೆಮ್ಮೆಪಟ್ಟೆ.

ಆರು ವಾರದ ನಂತರ, ಒಂದು ಮಂಗಳವಾರ ಬೆಳಿಗ್ಗೆ, ಬೆಟಗೇರಿಯಿಂದ ಮೆಹರುನ್ನೀಸಾ ಸವಣೂರ ಎಂಬ ಮಹಿಳೆ ಕೇಂದ್ರಕ್ಕೆ ಬಂದರು. ಮೂವತ್ತರ ಆಸುಪಾಸಿನ ವಯಸ್ಸು, ಹೊಲಿಗೆ ಅಂಗಡಿ ನಡೆಸುವವರು. ಏಳನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋಗಿತ್ತು. ಅಪರಿಚಿತರ ಮುಂದೆ ಅವರು ಮಾತಾಡುತ್ತಿರಲಿಲ್ಲ, ಫೋನಿನಲ್ಲಿ ಬರೆದು ತೋರಿಸುತ್ತಿದ್ದರು. ಇಂದುಮತಿ ಮೇಡಮ್ ಅವರ ಎದುರು ಕುಳಿತು ಮೊದಲು ಬರೆದದ್ದು ಇದು: “ಆ ನಾನೂರ ಹನ್ನೆರಡು ಮಂದಿಯೊಳಗ ನಾನೂ ಒಬ್ಬಾಕಿರಿ. ನಮ್ಮ ಬಗ್ಗೆ ಬಂದ ಸುದ್ದಿಗೆ ನೀವು ತೊಂಬತ್ನಾಲ್ಕು ಕೊಟ್ಟೀರಿ. ಆ ಸುದ್ದಿಯೊಳಗ ನಾವು ಎಲ್ಲಿದ್ದೀವಿ, ತೋರಸ್ರಿ.”

ಆಮೇಲೆ ಅವರು ನಿಧಾನವಾಗಿ, ಒಂದೊಂದೇ ಸಾಲು ಬರೆದು, ಆದದ್ದನ್ನು ತಿಳಿಸಿದರು. ಆಸುಪಾಸಿನ ಜಿಲ್ಲೆಗಳ ಕಿವುಡರೆಲ್ಲ ಸೇರಿ ಜಾಲತಾಣದಲ್ಲಿ ‘ಕೈಮಾತು’ ಎಂಬ ಬಳಗ ಮಾಡಿಕೊಂಡಿದ್ದರು. ಅಲ್ಲಿ ಅವರು ಕೈಸನ್ನೆಯ ವಿಡಿಯೋಗಳಲ್ಲಿ ಮಾತಾಡುತ್ತಿದ್ದರು. ಅದನ್ನು ನಡೆಸುತ್ತಿದ್ದವರು ಮೆಹರುನ್ನೀಸಾ. ತೊಂಬತ್ನಾಲ್ಕರ ಸುದ್ದಿ ನೋಡಿದ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಆಡಳಿತ ಎಲ್ಲರ ಫೋನಿಗೂ ಮಿತಿ ಹಾಕಿತು. ದಿನಕ್ಕೆ ನಲವತ್ತು ನಿಮಿಷವಾದರೆ ಜಾಲತಾಣಗಳೆಲ್ಲ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಅಲ್ಲಿ ಹದಿನಾಲ್ಕು ಕಿವುಡ ಹುಡುಗಿಯರಿದ್ದರು. ಅವರಲ್ಲಿ ಹತ್ತೊಂಬತ್ತು ವರ್ಷದ ಪಲ್ಲವಿ ಲಮಾಣಿ ಒಬ್ಬಳು. ಒಂದು ರಜೆಯ ದಿನ ಮಧ್ಯಾಹ್ನ ಅವಳಿಗೆ ಹೊಟ್ಟೆನೋವು ಶುರುವಾಯಿತು. ಗೆಳತಿಯರೆಲ್ಲ ಊರಿಗೆ ಹೋಗಿದ್ದರು. ವಾರ್ಡನ್‌ಗೆ ಕೈಸನ್ನೆ ತಿಳಿಯದು. ಮುಟ್ಟಿನ ನೋವಿರಬೇಕೆಂದು ಮಾತ್ರೆ ಕೊಟ್ಟು ಮಲಗಿಸಿದರು. ಹಿಂದೆಲ್ಲ ಇಂಥ ಹೊತ್ತಿನಲ್ಲಿ ಅವಳು ಬಳಗಕ್ಕೆ ವಿಡಿಯೋ ಕಳಿಸುತ್ತಿದ್ದಳು, ಬಳಗದವರ ಮನೆಯಲ್ಲಿ ಕಿವಿ ಕೇಳುವ ಯಾರಾದರೂ ವಾರ್ಡನ್‌ಗೆ ಫೋನ್ ಮಾಡಿ ವಿವರಿಸುತ್ತಿದ್ದರು. ಅಂದು ನಲವತ್ತು ನಿಮಿಷ ಬೆಳಿಗ್ಗೆಯೇ ಮುಗಿದಿತ್ತು. ಅವಳು ಬರೆದು ತೋರಿಸಲು ನೋಡಿದಳಂತೆ, ನೋವಿಗೆ ಬೆರಳು ನಿಲ್ಲಲಿಲ್ಲ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಅಪೆಂಡಿಕ್ಸ್ ಒಡೆದಿತ್ತು. ಎರಡು ಶಸ್ತ್ರಚಿಕಿತ್ಸೆಯಾಗಿ ಜೀವ ಉಳಿಯಿತು.

ಮೇಡಮ್ ಅಷ್ಟನ್ನೂ ಓದಿ, ಆ ಪ್ರಬಂಧವನ್ನು ಮುದ್ರಿಸಿ ತರಲು ಹೇಳಿದರು. ಯಂತ್ರದ ಸಾರಾಂಶವಲ್ಲ, ಪ್ರಬಂಧವನ್ನೇ. ಇಪ್ಪತ್ತಾರು ಪುಟ, ಇಂಗ್ಲಿಷಿನಲ್ಲಿ. ಇಬ್ಬರೂ ಪಕ್ಕಪಕ್ಕ ಕುಳಿತು ಓದಿದರು. ಮೆಹರುನ್ನೀಸಾಗೆ ತಿಳಿಯದ ಸಾಲುಗಳನ್ನು ಮೇಡಮ್ ಕನ್ನಡದಲ್ಲಿ ಬರೆದುಕೊಟ್ಟರು. ಮಧ್ಯಾಹ್ನ ಮೇಡಮ್ ತಮ್ಮ ಬುತ್ತಿ ಬಿಚ್ಚಿ ರೊಟ್ಟಿ, ಹೆಸರುಕಾಳಿನ ಪಲ್ಯ ಇಬ್ಬರಿಗೂ ಹಂಚಿದರು. ಎರಡೂವರೆಗೆ ನನ್ನನ್ನು ಕರೆದರು.

ಹನ್ನೊಂದನೇ ಪುಟದಲ್ಲಿ ನಾಲ್ಕನೇ ಕೋಷ್ಟಕವಿತ್ತು. ಅದರ ಕೆಳಗೆ ಇರುವೆಯಂಥ ಅಕ್ಷರಗಳಲ್ಲಿ ಒಂದು ಅಡಿಟಿಪ್ಪಣಿ. ನಾನೂರ ಹನ್ನೆರಡು ಜನರಲ್ಲಿ ಮೂವತ್ತೊಂದು ಮಂದಿ ಕಿವುಡರು. ಉಳಿದವರಿಗಿಂತ ನಾಲ್ಕು ಪಟ್ಟು ಹೆಚ್ಚು ಹೊತ್ತು ಅವರು ಜಾಲತಾಣಗಳಲ್ಲಿರುತ್ತಾರೆ, ಆದರೆ ಅವರ ನಿದ್ದೆ ಚೆನ್ನಾಗಿಯೇ ಇದೆ. ಅವರ ಬಳಕೆ ಬೇರೆ ಬಗೆಯದಾದ್ದರಿಂದ ಮುಖ್ಯ ಲೆಕ್ಕದಿಂದ ಅವರನ್ನು ಹೊರಗಿಡಲಾಗಿದೆ, ಈ ಫಲಿತಾಂಶ ಅವರಿಗೆ ಅನ್ವಯಿಸುವುದಿಲ್ಲ. ಹನ್ನೆರಡನೇ ಪುಟದಲ್ಲಿ ಇನ್ನೊಂದು ಮಾತಿತ್ತು. ಜಾಲತಾಣದಿಂದ ನಿದ್ದೆ ಕೆಡುತ್ತದೆಯೋ ಅಥವಾ ನಿದ್ದೆ ಬಾರದವರು ಜಾಲತಾಣಕ್ಕೆ ಹೋಗುತ್ತಾರೋ ಎಂಬುದು ಈ ಅಧ್ಯಯನದಿಂದ ತಿಳಿಯದು.

ವಿಜ್ಞಾನಿಗಳು ಪ್ರಾಮಾಣಿಕವಾಗಿಯೇ ಬರೆದಿದ್ದರು. ಅವರ ಸಂಸ್ಥೆಯ ಪ್ರಚಾರ ವಿಭಾಗ ಒಂದು ಪುಟದ ಟಿಪ್ಪಣಿ ಮಾಡುವಾಗ ಎರಡೂ ಮಾತನ್ನು ಬಿಟ್ಟಿತ್ತು. ಪತ್ರಿಕೆ ಆ ಟಿಪ್ಪಣಿಯನ್ನು ನಂಬಿ ಬರೆದಿತ್ತು. ಒರೆಗಲ್ಲೂ ಸುದ್ದಿಯನ್ನು ಆ ಟಿಪ್ಪಣಿಗೇ ಹೋಲಿಸಿ ತೊಂಬತ್ನಾಲ್ಕು ಕೊಟ್ಟಿತ್ತು.

ಇದು ಹೇಗಾಯಿತೆಂದು ನನಗೆ ಹೇಳಬೇಕಾಗಿರಲಿಲ್ಲ. ಮೂರು ವರ್ಷದ ಹಿಂದೆ ಸುದ್ದಿಗಳು ಹೆಚ್ಚಾಗಿ, ನಲವತ್ತು ನಿಮಿಷದೊಳಗೆ ಅಂಕಿ ಕೊಡಬೇಕೆಂದು ಪತ್ರಿಕೆಗಳು ಒತ್ತಾಯಿಸಿದ್ದವು. ಕೋಷ್ಟಕ, ಅಡಿಟಿಪ್ಪಣಿಗಳ ಸಮೇತ ಒಂದು ಪ್ರಬಂಧ ಓದಲು ಯಂತ್ರಕ್ಕೆ ಮೂರು ತಾಸು ಬೇಕಿತ್ತು. ಸಂಸ್ಥೆಯೇ ಮೊಹರು ಒತ್ತಿ ಟಿಪ್ಪಣಿ ಕೊಟ್ಟಿದ್ದರೆ ಅದನ್ನೇ ಮೂಲವೆಂದು ಹಿಡಿಯಬಹುದೆಂದು ನಾವೇ ಒಂದು ಸಭೆಯಲ್ಲಿ ತೀರ್ಮಾನಿಸಿದ್ದೆವು. ಏಳು ಜನರ ಸಹಿ ಬಿದ್ದಿತ್ತು. ಮೊದಲನೆಯದು ಮೇಡಮ್ ಅವರದು, ನಾಲ್ಕನೆಯದು ನನ್ನದು.

“ಯಂತ್ರದ್ದು ತಪ್ಪಿಲ್ಲ ಬೆಳವಟಗಿಯವರ,” ಎಂದರು ಮೇಡಮ್. “ಏನು ಓದು ಅಂದಿವೋ ಅದನ್ನ ಓದೇತಿ. ಓದೂದು ಬ್ಯಾಡ ಅಂದವರು ನಾವು.” ಅದನ್ನೇ ಒಂದು ಚೀಟಿಯಲ್ಲಿ ಬರೆದು ಮೆಹರುನ್ನೀಸಾ ಅವರ ಮುಂದೆ ಸರಿಸಿದರು.

ಮುಂದಿನ ಎಂಟು ದಿನ ಕೇಂದ್ರದಲ್ಲಿ ಬೇರೆ ಮಾತಿರಲಿಲ್ಲ. ಜಾಲತಾಣಗಳ ಬಗ್ಗೆ ಟಿಪ್ಪಣಿ ನೋಡಿ ಕೊಟ್ಟ ಹಳೆಯ ಅಂಕಿಗಳನ್ನೆಲ್ಲ ಯಂತ್ರ, ಒಮ್ಮೆಗೇ ಹತ್ತಿಪ್ಪತ್ತನ್ನು ಹಿಡಿದು, ಪೂರ್ತಿ ಪ್ರಬಂಧಗಳೊಂದಿಗೆ ಹೋಲಿಸಿತು. ಅಡಿಟಿಪ್ಪಣಿಗಳನ್ನು ನಾವು ಕಣ್ಣಾರೆ ಓದಿದೆವು. ಟಿಪ್ಪಣಿಯನ್ನು ಮಾತ್ರ ನೋಡಿ ಅಳೆದವು ಸಾವಿರದ ನೂರ ಅರವತ್ತು. ಅವುಗಳಲ್ಲಿ ಇನ್ನೂರ ಏಳು ಸುದ್ದಿಗಳಿಗೆ ಇಪ್ಪತ್ತಕ್ಕಿಂತ ಹೆಚ್ಚು ಅಂಕ ಸುಮ್ಮನೆ ಸಿಕ್ಕಿದ್ದವು. ನಮ್ಮ ನಿದ್ದೆಯ ಸುದ್ದಿಗೆ ಹೊಸದಾಗಿ ಬಂದದ್ದು ಐವತ್ತೆರಡು.

ಲೆಕ್ಕ ಮುಗಿದ ದಿನ ಸಂಜೆ ಗಿರಿಜಾಗೆ ಎಲ್ಲವನ್ನೂ ಹೇಳಿದೆ. ಅವಳು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. ನನ್ನ ಕಡೆ ತಿರುಗಿ ಕೇಳಿದಳು: “ಹಂಗಾರ ಆ ಹುಡುಗಿ ಹೊಟ್ಟಿ ಹಿಡಕೊಂಡು ಒದ್ದಾಡೂ ಮುಂದ, ನಾ ಇಲ್ಲೆ ನಿಮ್ಮ ಅಂಕಿ ನಂಬಿ ಡಬ್ಬಿ ಮುಚ್ಚಾಕತ್ತಿದ್ದೆ ಏನ್ರಿ?” ಅವಳು ಮತ್ತೆ ಸೊಪ್ಪು ಬಿಡಿಸತೊಡಗಿದಳು. ಅಂದು ನಮ್ಮ ಮನೆಯಲ್ಲಿ ಊಟ ಯಾರಿಗೂ ರುಚಿಸಲಿಲ್ಲ.

ಮರುದಿನ ಬೆಂಗಳೂರಿನಿಂದ, ನಮ್ಮ ಕೇಂದ್ರದ ಆಡಳಿತ ನೋಡಿಕೊಳ್ಳುವ ಮಂಡಳಿಯ ಅಧ್ಯಕ್ಷರು ಪರದೆಯ ಮೇಲೆ ಮಾತಿಗೆ ಬಂದರು. ಅವರು ಕೆಟ್ಟವರಲ್ಲ. ಒರೆಗಲ್ಲಿಗಾಗಿ ವಿಧಾನಸೌಧದ ಮೆಟ್ಟಿಲು ಹತ್ತಿ ಇಳಿದವರು. ಇಂದಿನಿಂದಲೇ ಯಂತ್ರ ಪೂರ್ತಿ ಪ್ರಬಂಧ ಓದಲಿ, ಹಳೆಯ ಅಂಕಿಗಳನ್ನು ಸದ್ದಿಲ್ಲದೆ ತಿದ್ದಿಬಿಡಿ, ಹಾಸ್ಟೆಲ್ಲಿಗೆ ನಾನೇ ಫೋನ್ ಮಾಡಿ ಮಿತಿ ತೆಗೆಸುತ್ತೇನೆ ಎಂದರು. ಊರಿಗೆಲ್ಲ ಸಾರಿದರೆ ಜನ ಅಂಕಿಯನ್ನೇ ನಂಬುವುದು ಬಿಡುತ್ತಾರೆ, ಬೇವಿನ ರಸದವರು ಮತ್ತೆ ತಲೆ ಎತ್ತುತ್ತಾರೆ, ಅದರಿಂದ ಸಾಯುವವರ ಲೆಕ್ಕ ಯಾರು ಇಡುತ್ತಾರೆ ಎಂದು ಕೇಳಿದರು. ನನಗೆ ಆ ಮಾತು ಸರಿಯೆನಿಸಿತು. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ನಾನು ತಲೆಯಾಡಿಸಿದೆ.

ಮೇಡಮ್ ಮಾತ್ರ ಧ್ವನಿ ಏರಿಸದೆ ಹೇಳಿದರು: “ಸರ್, ವರದಿಗಾರ ಅಡಿಟಿಪ್ಪಣಿ ಬಿಟ್ಟರ ನಾವು ಅಂಕ ಕಳೀತೀವಿ. ನಮ್ಮ ಅಡಿಟಿಪ್ಪಣಿ ನಾವ ಬಿಟ್ಟರ, ಕಳ್ಯಾವ್ರು ಯಾರ್ರಿ?”

ಅಧ್ಯಕ್ಷರು ಇದರ ಪರಿಣಾಮ ನಿಮ್ಮ ಹುದ್ದೆಯ ಮೇಲಾಗಬಹುದು ಎಂದು ಎಚ್ಚರಿಸಿದರು. ಆಗಲಿ ಎಂದರು ಮೇಡಮ್. ಆಮೇಲೆ ಕುರ್ಚಿಯಿಂದ ಎದ್ದು, ಪ್ರಕಟಣೆಯ ಕರಡು ಬರೆಯಲು ನನ್ನನ್ನೇ ಕರೆದರು. ನಾನು ತಲೆಯಾಡಿಸಿದ್ದನ್ನು ಅವರು ನೋಡಿದ್ದರು. ಆ ಮಾತನ್ನು ಅಂದೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

ಶುಕ್ರವಾರ ಪತ್ರಿಕಾಗೋಷ್ಠಿ. ಏನಾಯಿತು, ಯಾವಾಗಿನಿಂದ, ಎಷ್ಟು ಸುದ್ದಿಗಳಿಗೆ, ಯಾವ ಅಂಕಿಗಳು ಕೆಟ್ಟಿಲ್ಲ, ತೀರ್ಮಾನಕ್ಕೆ ಸಹಿ ಹಾಕಿದ ಏಳು ಜನರ ಹೆಸರು, ತಪ್ಪು ಕಂಡುಹಿಡಿದವರು ಮೆಹರುನ್ನೀಸಾ ಸವಣೂರ. ಇಷ್ಟನ್ನು ಮೇಡಮ್ ಒಂದೂವರೆ ಪುಟದಲ್ಲಿ ಓದಿ, ಇನ್ನೂರ ಏಳು ಸುದ್ದಿಗಳ ಪಟ್ಟಿಯನ್ನು ಎಲ್ಲರಿಗೂ ಕೊಟ್ಟರು. ಪಲ್ಲವಿಯ ಹೆಸರನ್ನು ಮಾತ್ರ ಹೇಳಲಿಲ್ಲ. ಅವಳ ಒಪ್ಪಿಗೆ ಇನ್ನೂ ಕೇಳಿರಲಿಲ್ಲ.

ಮರುದಿನ ಬೆಳಗಾಗುವಷ್ಟರಲ್ಲಿ ಈ ಬಗ್ಗೆ ಅರವತ್ನಾಲ್ಕು ಸುದ್ದಿಗಳು ಬಂದಿದ್ದವು. ಆಗ ಒಂದು ವಿಚಿತ್ರ ತೊಡಕು ಎದುರಾಯಿತು. ನಮ್ಮ ಮರುಪರಿಶೀಲನೆಯೂ ಒಂದು ಸಂಶೋಧನೆಯೇ. ಅದರ ಸುದ್ದಿಗಳಿಗೂ ಕಾನೂನಿನ ಪ್ರಕಾರ ಅಂಕಿ ಕೊಡಬೇಕು. ನಮ್ಮ ತಪ್ಪಿನ ಸುದ್ದಿಗೆ ನಾವೇ ಅಂಕಿ ಹಾಕಿದರೆ ಯಾರು ನಂಬುತ್ತಾರೆ? ಹಾಕದೇ ಬಿಟ್ಟರೆ ಕಾನೂನು ಮುರಿದಂತೆ. ಮೇಡಮ್ ಒಂದು ದಾರಿ ಕಂಡುಕೊಂಡರು. ಯಂತ್ರವನ್ನು ಬದಿಗಿಟ್ಟು, ಮೂರು ವರ್ಷದ ಹಿಂದಿನ ಆ ಸಭೆಯ ಕಾಲಕ್ಕೆ ಕೇಂದ್ರದಲ್ಲಿ ಇರದಿದ್ದ ಇಬ್ಬರು ಹೊಸ ಪರೀಕ್ಷಕರನ್ನು ಕೂರಿಸಿದರು. ಮೂರನೆಯವರಾಗಿ ಮೆಹರುನ್ನೀಸಾ ಅವರನ್ನು ಕರೆದರು. ಅದೇ ನಾಲ್ಕು ಪ್ರಶ್ನೆ, ಪೆನ್ನು, ಕಾಗದ. ಕೆಳಗಿನ ಗಾಜಿನ ಕೋಣೆಯಲ್ಲಿ, ಬೇಕಾದವರು ಬಂದು ನೋಡಲಿ ಎಂದು ಬಾಗಿಲು ತೆರೆದಿಟ್ಟರು. ತಾವು ಮಾತ್ರ ಆ ಕಡೆ ಸುಳಿಯಲಿಲ್ಲ.

ಎರಡು ದಿನ ಆ ಮೂವರೂ ಅರವತ್ನಾಲ್ಕನ್ನೂ ಓದಿದರು. ‘ಒರೆಗಲ್ಲು ಪೂರ್ತಿ ಸುಳ್ಳು’ ಎಂದದ್ದಕ್ಕೆ ಹದಿನೆಂಟು. ‘ಫೋನ್ ನೋಡಿದರೆ ಸುಖನಿದ್ದೆ’ ಎಂದದ್ದಕ್ಕೆ ಆರು. ರಾಜ್ಯಮಟ್ಟದ ಒಂದು ಪತ್ರಿಕೆ ಮೇಡಮ್ ಅವರ ದೊಡ್ಡ ಚಿತ್ರ ಹಾಕಿ, ಯಂತ್ರದ ದೋಷವನ್ನು ತಾವೇ ಪತ್ತೆಹಚ್ಚಿದ ಧೀರೆ ಎಂದು ಹೊಗಳಿತ್ತು. ಅದಕ್ಕೆ ನಲವತ್ತೊಂದು ಬಿತ್ತು. ಎಲ್ಲಕ್ಕಿಂತ ಹೆಚ್ಚು ಅಂಕ ಪಡೆದದ್ದು ಗದಗಿನದೇ ಒಂದು ನಾಲ್ಕು ಪುಟದ ಸಂಜೆ ಪತ್ರಿಕೆ. ಅದರ ತಲೆಬರಹ ‘ಪ್ರಬಂಧ ಓದದೆ ಅಂಕ ಹಾಕಿದರು: ಮೊದಲ ಸಹಿ ಇಂದುಮತಿಯವರದು’ ಎಂದಿತ್ತು. ಒಳಗೆ ಪ್ರತಿಯೊಂದು ಸಂಖ್ಯೆಯೂ ಸರಿಯಾಗಿತ್ತು. ಯಾವ ಅಂಕಿಗಳು ಕೆಟ್ಟಿಲ್ಲ ಎಂಬುದೂ ಇತ್ತು. ತೊಂಬತ್ತಾರು.

ಆ ಪಟ್ಟಿಯನ್ನು ನಾನೇ ಮೇಡಮ್ ಅವರ ಕೋಣೆಗೆ ಒಯ್ದೆ. ಅವರು ಹೊಗಳಿಕೆಯ ಸುದ್ದಿಯ ನಲವತ್ತೊಂದನ್ನು ನೋಡಿ, ಎಲ್ಲೆಲ್ಲಿ ಅಂಕ ಕಳೆದಿದ್ದಾರೆಂದು ಸಾಲುಸಾಲಾಗಿ ಪರೀಕ್ಷಿಸಿದರು. ಮೆಹರುನ್ನೀಸಾ ಅವರ ಹೆಸರು ಬಿಟ್ಟದ್ದಕ್ಕೆ ಇಪ್ಪತ್ತೈದು ಹೋಗಿತ್ತು. ಆಮೇಲೆ ತೊಂಬತ್ತಾರರ ಸುದ್ದಿಯನ್ನು ಎರಡು ಸಲ ಓದಿದರು. “ಚೊಲೊ ಬರದಾನ,” ಎಂದರು. “ಒಂದು ಮಾತೂ ಹೆಚ್ಚಿಲ್ಲ.” ನಲವತ್ತು ವರ್ಷ ಪತ್ರಿಕೆ ಓದುತ್ತ ಬಂದ ನಾನು, ತನ್ನ ಮೇಲಿನ ಆರೋಪಪತ್ರವನ್ನು ಇಷ್ಟು ಮೆಚ್ಚಿಕೊಂಡು ಓದಿದವರನ್ನು ಬೇರೆ ಕಂಡಿಲ್ಲ.

ಹಾಸ್ಟೆಲ್ಲಿನ ಮಿತಿ ಪತ್ರಿಕಾಗೋಷ್ಠಿಯಾದ ನಾಲ್ಕನೇ ದಿನ ರದ್ದಾಯಿತು. ತೊಂಬತ್ತು ದಾಟಿದರೆ ವಿಚಾರಣೆ ಬೇಡ ಎಂಬ ನಿಯಮವನ್ನು ಸರ್ಕಾರ ಹಿಂತೆಗೆದುಕೊಂಡಿತು. ಎರಡು ವಾರದ ನಂತರ ಮಂಡಳಿ ಮೇಡಮ್ ಅವರನ್ನು ಮುಖ್ಯಸ್ಥೆಯ ಹುದ್ದೆಯಿಂದ ಇಳಿಸಿತು. ಅವರು ರಾಜೀನಾಮೆ ಕೊಡುತ್ತಾರೆಂದು ಎಲ್ಲರೂ ಎಣಿಸಿದ್ದೆವು. ಅವರು ಎರಡನೇ ಅಂತಸ್ತಿಗೆ ತಮ್ಮ ಚೀಲ ತಂದು, ಕಿಟಕಿ ಬದಿಯ ಖಾಲಿ ಮೇಜಿನಲ್ಲಿ ಪರೀಕ್ಷಕರಾಗಿ ಕುಳಿತು, ಅಂದಿನ ಸುದ್ದಿಗಳನ್ನು ಓದತೊಡಗಿದರು. ಮೆಹರುನ್ನೀಸಾ ವಾರಕ್ಕೆ ಮೂರು ದಿನ ಕೇಂದ್ರಕ್ಕೆ ಬರತೊಡಗಿದರು. ಯಾರ ಮೇಲೆ ಸಂಶೋಧನೆ ನಡೆದಿದೆಯೋ ಅವರಲ್ಲಿ ಕೆಲವರಾದರೂ ಸುದ್ದಿಯನ್ನು ಓದಿ ಅಭಿಪ್ರಾಯ ಹೇಳಬೇಕೆಂಬ ಏರ್ಪಾಡನ್ನು ಮಂಡಳಿ ಅವರಿಗೆ ಒಪ್ಪಿಸಿತ್ತು. ಅಂಕಿ ಬರಲು ಈಗ ಒಂದು ದಿನ ಹಿಡಿಯುತ್ತಿತ್ತು. ಪತ್ರಿಕೆಗಳು ಗೊಣಗಿದವು. ಸಂತೆಯಲ್ಲಿ ಕೆಲವು ತಿಂಗಳು ನಮ್ಮನ್ನೇ ಹಾಸ್ಯ ಮಾಡಿದರು. ಆಮೇಲೆ ಗಿರಿಜಾ ಒಂದು ದಿನ, “ಇವತ್ತಿಂದು ಇನ್ನೂ ಬಂದಿಲ್ಲ. ಓದಾಕತ್ತಾರ ಅಂತ ಕಾಣಸ್ತೈತಿ,” ಎಂದು ಪತ್ರಿಕೆ ಮಡಚಿಟ್ಟಳು. ಅಂಕಿ ಬರುವವರೆಗೆ ಕಾಯುವುದನ್ನು ಜನ ಹೀಗೆ ಕಲಿತರು.

ಪಲ್ಲವಿ ತಾಂಡಾದ ಮನೆಯಲ್ಲಿ ಸುಧಾರಿಸಿಕೊಂಡು ಹಾಸ್ಟೆಲ್ಲಿಗೆ ಮರಳಿದ ವಾರ, ಮೇಡಮ್ ಅವಳನ್ನು ನೋಡಲು ಹೊರಟರು. ನನ್ನನ್ನೂ ಮೆಹರುನ್ನೀಸಾ ಅವರನ್ನೂ ಜೊತೆಗೆ ಕರೆದರು. ಅಂದು ಮೆಹರುನ್ನೀಸಾ ಮಾತನ್ನು ತಿಳಿಸಿಕೊಡುತ್ತಾರೆಂದು ನಾನು ಭಾವಿಸಿದ್ದೆ. ಆದರೆ ಮೇಡಮ್ ಹದಿನೈದು ದಿನದಿಂದ ಸಂಜೆ ಬೆಟಗೇರಿಯ ಹೊಲಿಗೆ ಅಂಗಡಿಗೆ ಹೋಗಿ ಕೈಸನ್ನೆಯ ನಾಲ್ಕು ವಾಕ್ಯ ಕಲಿಯುತ್ತಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ.

ಪಲ್ಲವಿ ಅಂಗಳದ ಕಟ್ಟೆಯ ಮೇಲೆ ಕುಳಿತಿದ್ದಳು. ತೆಳ್ಳಗಾಗಿದ್ದಳು. ಮೇಡಮ್ ಅವಳ ಎದುರು ನಿಂತು, ಚೀಲವನ್ನು ನನ್ನ ಕೈಗೆ ಕೊಟ್ಟು, ಎರಡೂ ಕೈ ಎತ್ತಿದರು. ನಿನ್ನ ಬಗ್ಗೆ ಬರೆದದ್ದನ್ನು ನಾನು ಓದಲಿಲ್ಲ, ಅದು ನನ್ನ ತಪ್ಪು ಎಂದು ಹೇಳಲು ಅವರು ಹೊರಟಿದ್ದರೆಂದು ಮೆಹರುನ್ನೀಸಾ ಆಮೇಲೆ ನನಗೆ ಬರೆದು ತಿಳಿಸಿದರು. ಮೊದಲ ಅರ್ಧ ಸರಿಯಾಗಿ ಬಂತು. ಎರಡನೆಯ ಅರ್ಧದಲ್ಲಿ ಬೆರಳುಗಳು ತೊಡರಿಕೊಂಡವು.

ಪಲ್ಲವಿ ನಗಲಿಲ್ಲ, ಪರವಾಗಿಲ್ಲ ಎಂದೂ ಸೂಚಿಸಲಿಲ್ಲ. ಕಟ್ಟೆಯಿಂದ ಇಳಿದು ಬಂದು, ಮೇಡಮ್ ಅವರ ಬಲಗೈಯನ್ನು ಹಿಡಿದು, ಮಡಚಿದ್ದ ಒಂದು ಬೆರಳನ್ನು ಬಿಡಿಸಿ, ಕೈಯನ್ನು ತುಸು ಮೇಲಕ್ಕೆ ಸರಿಸಿ ಇಟ್ಟಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಮತ್ತೊಮ್ಮೆ ಎಂಬಂತೆ ಗದ್ದ ಅಲುಗಿಸಿದಳು. ಐವತ್ತೆಂಟು ವರ್ಷದ ಇಂದುಮತಿ ಹಾತಲಗೇರಿ ಮೊದಲಿನಿಂದ ಶುರುಮಾಡಿದರು.